ಎಡ ಬಲ ಸಮ

ಭಾವ ಆ ಮೇಜಿನ ಮೇಲೆ ಮಲಗಿದ್ದು ಇದು ಎರಡನೆಯ ಸಲ.

ಮೊದಲನೆಯ ಸಲ ಮಲಗಿದ್ದು ಆರು ವರ್ಷದ ಹಿಂದೆ. ಆಗ ಮೈಯಲ್ಲಿ ಜೀವವಿತ್ತು, ಬಾಯಲ್ಲಿ ಮಾತಿತ್ತು, ಕಿವಿಯ ಸಂದಿಯಲ್ಲಿ ಪೆನ್ಸಿಲ್ ಇತ್ತು. ಹೆಂಡತಿಯ ತಂಗಿ ಹೆಣಗಳಿಗೆ ಔಷಧಿ ತುಂಬುವ ಕೋಣೆಯಲ್ಲಿ ತಲೆಗೆ ಆನಿಸುವ ರಬ್ಬರಿನ ದಿಂಬು ಸೀಳಿಹೋಗಿದೆ ಎಂದು ಕೇಳಿ, ಬಡಗಿಯಾದ ಭಾವ ತಾವೇ ಮರದ ದಿಂಬೊಂದನ್ನು ಕೆತ್ತಿ ತಂದಿದ್ದರು. ನಡುವೆ ಕತ್ತು ಕೂರುವಷ್ಟು ತಗ್ಗು, ಎರಡು ಕಡೆ ಉಬ್ಬು, ಮೇಲೆ ಮೂರು ಸಲ ಬಳಿದ ವಾರ್ನಿಷ್. ತಂದದ್ದನ್ನು ಸುಮ್ಮನೆ ಕೊಟ್ಟು ಹೋಗುವ ಜಾಯಮಾನ ಅವರದಲ್ಲ. ಚಪ್ಪಲಿ ಬಿಟ್ಟು, ಸ್ಟೀಲ್ ಮೇಜು ಹತ್ತಿ, ದಿಂಬಿಗೆ ತಲೆ ಕೊಟ್ಟು ಉದ್ದಕ್ಕೆ ಮಲಗಿಯೇಬಿಟ್ಟರು.

"ಅಯ್ಯೋ ಭಾವ, ಇಳೀರಿ! ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

"ನೋಡಿದವ್ರು ಹೆದ್ರಿ ಓಡ್ತಾರೆ, ಅಷ್ಟೇ ತಾನೆ? ಇರು, ಅಳತೆ ನೋಡ್ತಿದೀನಿ. ಉಹೂಂ, ಒಂದು ಬೆರಳು ಎತ್ತರ ಜಾಸ್ತಿ ಆಯ್ತು. ನಿನ್ನ ಗಿರಾಕಿಗಳು ಬಾಯಿ ಬಿಟ್ಟು ಹೇಳಲ್ಲ ಅಂತ ಅವರ ಕತ್ತು ನೋಯಿಸ್ಬಾರ್ದು."

ಅಲ್ಲೇ ನೆಲದ ಮೇಲೆ ಕೂತು ಉಜ್ಜುಗೊರಡಿನಿಂದ ಒಂದು ಬೆರಳು ಹೆರೆದು ತೆಗೆದರು. ಹೋಗುವಾಗ ಬಾಗಿಲಲ್ಲಿ ನಿಂತು, ಯಾವುದೋ ಕಿಟಕಿಯ ಅಳತೆ ಹೇಳುವ ದನಿಯಲ್ಲಿ ಹೇಳಿದರು: "ನನ್ನ ಸರದಿ ಬಂದಾಗ ನೀನೇ ಮಾಡು. ಆದ್ರೆ ನಿಮ್ಮಕ್ಕನ್ನ ಒಂದು ಮಾತು ಕೇಳಿ ಮಾಡು."

ಅವಳು ನಕ್ಕು ತಲೆಯಾಡಿಸಿದ್ದಳು. ಭಾವನ ಮಾತೇ ಹಾಗೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಅಕ್ಕ ಅವಳ ಜೊತೆ ಮಾತು ಬಿಟ್ಟು ಆಗಲೇ ಐದು ವರ್ಷವಾಗಿತ್ತು. ಇನ್ನು ಕೇಳುವುದೆಲ್ಲಿಂದ ಬಂತು?

ಈಗ ಆ ಐದು ಹನ್ನೊಂದಾಗಿತ್ತು. ಭಾವನ ತಲೆ ಅದೇ ದಿಂಬಿನ ತಗ್ಗಿನಲ್ಲಿ ಕೂತಿತ್ತು, ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಅಳತೆ ಕೊಟ್ಟವರಿಗೇ ದಿಂಬು ಒದಗಿತ್ತು.

ಅವಳನ್ನು ಇಲ್ಲಿ ತಂಗಿ ಎಂದೇ ಕರೆಯೋಣ. ಊರು ಅವಳನ್ನು 'ಔಷಧಿಯವಳು' ಎನ್ನುತ್ತದೆ. ಆ ಹೆಸರು ಅವಳಿಗೆ ಅಷ್ಟಕ್ಕಷ್ಟೆ. ದೂರದಿಂದ ಬರುವ ಬಂಧುಗಳಿಗಾಗಿ ದೇಹ ಕೆಡದೆ ಕಾಯಬೇಕಾದಾಗ, ಇಲ್ಲವೇ ದೇಹವೇ ದೂರ ಹೋಗಬೇಕಾದಾಗ, ಆಸ್ಪತ್ರೆಯ ವ್ಯಾನು ಅವಳ ಬಾಗಿಲಿಗೆ ಬರುತ್ತದೆ. ಇಪ್ಪತ್ತೆರಡು ವರ್ಷದಿಂದ ಬರುತ್ತಿದೆ. ಸ್ಟ್ರೆಚರ್ ಇಳಿಸುವಾಗಲೆಲ್ಲ ವ್ಯಾನಿನ ಡ್ರೈವರ್ ಒಂದೇ ತಮಾಷೆ ಮಾಡುತ್ತಾನೆ: "ಮೇಡಂ, ಇವತ್ತಿನವರೆಗೂ ನಿಮ್ಮ ಕೆಲ್ಸದ ಮೇಲೆ ಒಬ್ಬ ಗಿರಾಕೀನೂ ದೂರು ಕೊಟ್ಟಿಲ್ಲ ನೋಡಿ." ಆ ದಿನ ಮಾತ್ರ ಅವನು ತಮಾಷೆ ಮಾಡಲಿಲ್ಲ. ಯಾರನ್ನು ಇಳಿಸುತ್ತಿದ್ದೇನೆಂದು ಅವನಿಗೆ ಗೊತ್ತಿತ್ತು. ಒಂದು ಬಟ್ಟೆಯ ಚೀಲ ಕೈಗಿತ್ತು, "ನಿಮ್ಮಕ್ಕ ಕೊಟ್ರು. ಮೂರು ದಿನ ಇರ್ಬೇಕಂತೆ, ಅವರ ಮೈದುನ ಹಡಗಿನಿಂದ ಇಳಿದು ಬರೋವರೆಗೆ" ಎಂದಷ್ಟೇ ಹೇಳಿ ಹೋದ.

ಚೀಲದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟು, ಒಂದು ಬಾಚಣಿಗೆ. ಚೀಟಿಗೀಟಿ ಏನೂ ಇಲ್ಲ. ತಂಗಿ ಚೀಲವನ್ನು ತಲೆಕೆಳಗು ಮಾಡಿ ಕೊಡವಿ ಕೂಡ ನೋಡಿದಳು.

ಡ್ರೈವರ್ ಹೇಳುವುದು ಪೂರ್ತಿ ನಿಜವಲ್ಲ. ದೂರು ಒಂದೇ ಒಂದು ಸಲ ಬಂದಿತ್ತು. ಅದೂ ಸ್ವಂತ ಅಕ್ಕನಿಂದ, ಸ್ವಂತ ಅಮ್ಮನ ವಿಷಯಕ್ಕೆ.

ಅಮ್ಮನ ಬಾಯಿ ಎಡಗಡೆಗೆ ಜೋತುಬಿದ್ದಿತ್ತು. ತಂಗಿಗೆ ಬುದ್ಧಿ ತಿಳಿದಾಗಿನಿಂದ ಅಮ್ಮ ಹಾಗೇ. ನಕ್ಕರೆ ನಗುವೆಲ್ಲ ಬಲಗಡೆ, ಎಡಗಡೆ ಸುಮ್ಮನೆ ನೋಡುತ್ತ ಕೂತಿರುತ್ತಿತ್ತು. ನೀರು ಕುಡಿಯುವಾಗ ತುಟಿಯ ಮೂಲೆಯನ್ನು ಬೆರಳಿನಿಂದ ಒತ್ತಿ ಹಿಡಿಯಬೇಕು. ಫೋಟೋ ಎಂದರೆ ಸಾಕು, ಒಲೆ ಮೇಲೆ ಏನೋ ಇಟ್ಟಿದ್ದೇನೆಂದು ಒಳಗೆ ಓಡುತ್ತಿದ್ದಳು. ತಂಗಿಗೆ ಅದು ಅಮ್ಮನ ಮುಖವಾಗಿತ್ತೇ ಹೊರತು ಊನವಾಗಿ ಎಂದೂ ಕಂಡಿರಲಿಲ್ಲ.

ಹನ್ನೊಂದು ವರ್ಷದ ಹಿಂದೆ ಅಮ್ಮ ಈ ಮೇಜಿಗೆ ಬಂದಾಗ ತಂಗಿ ಅಳಲಿಲ್ಲ. ಅಳುತ್ತ ಮಾಡುವ ಕೆಲಸವಲ್ಲ ಇದು. ಕೆಲಸ ಕಲಿಸಿದ ಗುರುಗಳು ಮೊದಲ ದಿನವೇ ಹೇಳಿದ್ದರು: "ಎಡ ಬಲ ಸಮ. ಅದೊಂದು ತಪ್ಪದಿದ್ರೆ ಮುಖ ನಿದ್ದೆ ಮಾಡ್ತಿರೋ ಹಾಗಿರತ್ತೆ." ಅವಳ ಕೈ ಆ ಪಾಠವನ್ನು ಪಾಲಿಸುತ್ತ ಹೋಯಿತು. ಬಾಗಿದ ಸೂಜಿಯಿಂದ ಬಾಯೊಳಗೆ ಹೊಲಿಗೆ ಹಾಕಿ ದವಡೆ ಕೂರಿಸಿತು. ಎಡ ತುಟಿಯ ಮೂಲೆಯನ್ನು ಬೆರಳ ತುದಿಯಿಂದ ಮೇಲೆತ್ತಿ ಬಲಕ್ಕೆ ಸಮ ಮಾಡಿತು. ಕೆನ್ನೆಯ ಒಳಗೆ ಹತ್ತಿಯ ಎಳೆ ಇಟ್ಟಿತು, ತುಟಿಗೆ ಕ್ರೀಮು ಸವರಿತು, ಔಷಧಿ ತುಂಬುವ ಪಂಪು ಹಾಕಿತು. ಸಂಜೆ ಅಕ್ಕ ಬಂದು ಬಟ್ಟೆ ಸರಿಸಿದಾಗಲೇ ತಂಗಿಗೂ ಹೊಳೆದದ್ದು, ಅಮ್ಮನ ಬಾಯಿ ನೆಟ್ಟಗಾಗಿಬಿಟ್ಟಿದೆ ಎಂದು.

ಅಕ್ಕ ತುಂಬ ಹೊತ್ತು ನೋಡಿದಳು. ಮುಖ ಬಿಳಿಚಿಕೊಂಡಿತು. "ಏನೇ ಮಾಡಿಟ್ಟೆ ನೀನು?" ಎಂದಳು, ಅದೂ ಬರೀ ಉಸಿರಿನಲ್ಲಿ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಓಡಿದಳು. ಅಂದು ಆ ಬಾಯಿಗೆ ಬಿದ್ದ ಬೀಗ ಮತ್ತೆ ತೆರೆಯಲಿಲ್ಲ.

ಸರಿಪಡಿಸಬಹುದಿತ್ತಲ್ಲ ಎಂದು ಕೇಳುವವರು ಕೇಳಬಹುದು. ಆಗುವುದಿಲ್ಲ, ಈ ಕೆಲಸದ ಹಟವೇ ಅದು. ಔಷಧಿ ಒಳಗೆ ಹೋಗುವ ತನಕ ಮುಖ ಮೆತ್ತಗಿರುತ್ತದೆ, ಹೇಗೆ ಬೇಕಾದರೂ ತಿದ್ದಬಹುದು. ಹೋದ ಮೇಲೆ ಮಾಂಸ ಬಿಗಿಯುತ್ತದೆ, ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗುತ್ತದೆ. ಆಗ ಯಾವ ಮುಖವಿತ್ತೋ ಅದೇ ಕೊನೆಯ ಮುಖ.

ಹನ್ನೊಂದು ವರ್ಷ ಎರಡು ಮನೆಗಳ ನಡುವೆ ಓಡಾಡಿದವರು ಭಾವ ಒಬ್ಬರೇ. ವಾರಕ್ಕೊಮ್ಮೆ ಬಂದು ಹೊರಗಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬಟ್ಟೆಯಿಂದ ಮರದ ಹೊಟ್ಟು ಉದುರುತ್ತಿತ್ತು.

"ನಿಮ್ಮಕ್ಕ ನಿನ್ನೆ ಈ ಬೀದೀಲಿ ಹಾದು ಹೋದ್ಲಂತೆ."

"ಹೌದಾ? ಏನಂದ್ಲು ಭಾವ?"

"ಬೀದಿ ಚೆನ್ನಾಗಿದೆ ಅಂದ್ಲು."

ಅಷ್ಟೇ. ಅದಕ್ಕಿಂತ ಹೆಚ್ಚು ಕೆದಕಿದರೆ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಅವಳನ್ನು ಹಲಗೆ ನೋಡುವ ಹಾಗೆ ನೋಡುತ್ತಿದ್ದರು. "ನೇರ ಅನ್ನೋದು ಹಲಗೆಗೆ ಇರ್ಬೇಕಮ್ಮ, ಮನುಷ್ಯರಿಗಲ್ಲ. ಬಿಡು, ಕಾಲ ಬರತ್ತೆ." ಕಾಲ ಬಂತು, ನಿಜ. ಆದರೆ ಹೇಳಿದವರು ಮೇಜಿನ ಮೇಲಿದ್ದರು.

ಬೆಳಗ್ಗೆ ಹತ್ತು ಗಂಟೆ. ಕೋಣೆಯ ಟ್ಯೂಬ್‌ಲೈಟು ಎರಡು ದಿನದ ಹಿಂದೆ ಕೈಕೊಟ್ಟಿತ್ತು. ಸದ್ಯಕ್ಕೆಂದು ಹಾಕಿದ ಹಳದಿ ಬಲ್ಬೇ ಉರಿಯುತ್ತಿತ್ತು. ಬೀದಿಯವರು ಇಣುಕದಿರಲೆಂದು ಕಿಟಕಿಯ ದಪ್ಪ ಪರದೆ ಎಂದಿನಂತೆ ಎಳೆದಿತ್ತು. ಆ ಬೆಳಕಿನಲ್ಲಿ ಕೋಣೆ ನೀರಿನ ತಳದಲ್ಲಿದ್ದಂತಿತ್ತು. ತಟ್ಟೆಯಲ್ಲಿ ಚಿಮುಟ, ಕತ್ತರಿ, ರಕ್ತನಾಳ ಎತ್ತುವ ಪುಟ್ಟ ಕೊಕ್ಕೆ, ಬಾಗಿದ ಸೂಜಿ, ಮೇಣ ಹಚ್ಚಿದ ದಾರ ಸಾಲಾಗಿ ಮಲಗಿದ್ದವು. ಹೊಟ್ಟೆಯೊಳಗಿನದನ್ನು ಹೀರುವ ಉದ್ದನೆಯ ಟೊಳ್ಳು ಸೂಜಿ ಒಂದು ಟವೆಲಿನ ಕೆಳಗಿತ್ತು. ಮೂಲೆಯಲ್ಲಿ ಪಂಪು, ಅದರ ತಲೆಯ ಮೇಲೆ ಗಾಜಿನ ಜಾಡಿ. ನಲ್ಲಿಯಿಂದ ಬೇಸಿನ್ನಿಗೆ ಹನಿ ಬೀಳುತ್ತಿತ್ತು, ಬಿದ್ದ ಹನಿಗೂ ಬೀಳುವ ಹನಿಗೂ ನಡುವೆ ಎಷ್ಟು ಹೊತ್ತಾಗುತ್ತಿತ್ತೋ ತಂಗಿಗೆ ತಿಳಿಯುತ್ತಿರಲಿಲ್ಲ.

ಈ ಕೋಣೆಯಲ್ಲಿ ಅವಳಿಗೆ ಹಾಗಾಗುವುದುಂಟು. ಕೈ ಕೆಲಸ ಮಾಡುತ್ತಿರುತ್ತದೆ, ಅವಳು ಎಲ್ಲೋ ಇರುತ್ತಾಳೆ. ಭಾವನ ಮೈಯನ್ನು ಬಿಸಿನೀರಿನಿಂದ ಒರೆಸುವಾಗ ಅವರ ಹೆಗಲಿನಿಂದ ಮರದ ವಾಸನೆ ಬಂದಂತಾಯಿತು. ಔಷಧಿಯ ಫಾರ್ಮಾಲಿನ್ ಘಾಟಿಗೆ ಅವಳ ಮೂಗು ಎಂದೋ ಸತ್ತಿದೆ; ಆದರೂ ಬಂತು. ಸೆಟೆದ ಮೊಣಕೈ ಮಡಿಸಿ ಬಿಡಿಸಿ, ಮಡಿಸಿ ಬಿಡಿಸಿ ಸಡಿಲ ಮಾಡುವಾಗ ಭಾವ ಕೈ ಕುಲುಕುತ್ತಿದ್ದಾರೆ ಅನ್ನಿಸಿತು. "ಬಂದ್ರಾ ಭಾವ?" ಎಂದು ಕೇಳಿಯೇಬಿಟ್ಟಳು. ಅವಳಿಗೇ ನಗು ಬಂತು.

ಕಣ್ಣಿನ ಕೆಲಸ ಮೊದಲು. ರೆಪ್ಪೆಯ ಕೆಳಗೆ ಇಡಲು ಬಟ್ಟಲಿನಾಕಾರದ ಸಣ್ಣ ಪ್ಲಾಸ್ಟಿಕ್ ಮುಚ್ಚಳಗಳಿವೆ. ಅವುಗಳ ಬೆನ್ನ ಮೇಲೆ ಮುಳ್ಳು ಮುಳ್ಳಾಗಿ ಇರುವುದರಿಂದ ರೆಪ್ಪೆ ತೆರೆಯುವುದಿಲ್ಲ, ಕಣ್ಣು ಗುಳಿಬೀಳುವುದಿಲ್ಲ. ಬಲಕ್ಕೊಂದು, ಎಡಕ್ಕೊಂದು ಇಟ್ಟಳು. ಬಾಯಿ ಹೊಲಿದಳು. ಮೂರು ದಿನ ತಡೆಯಬೇಕು, ಬಿಸಿಲು ಬೇರೆ, ಎಂದುಕೊಂಡು ಜಾಡಿಗೆ ಬಲವಾದ ಫಾರ್ಮಾಲಿನ್ ಸುರಿದು, ಮೈ ಬಣ್ಣಕ್ಕೆಂದು ಗುಲಾಬಿ ದ್ರಾವಣದ ಹನಿಗಳನ್ನೂ ಬಿಟ್ಟಳು. ಕುತ್ತಿಗೆಯ ಬಳಿ ಕತ್ತರಿಸಲು ಬ್ಲೇಡು ಹಿಡಿದು ಮುಖದ ಕಡೆ ಒಮ್ಮೆ ನೋಡಿದಳು.

ಒಳ್ಳೆಯ ಕೆಲಸ. ಚೆಂದದ ಮುಖ. ಎಡ ಬಲ ಸಮ.

ಆದರೆ ಇವರು ಯಾರು?

ಬ್ಲೇಡು ಹಿಡಿದ ಕೈ ಹಾಗೇ ನಿಂತಿತು. ನಲವತ್ತು ವರ್ಷ ಹಲಗೆಯ ನೇರ ನೋಡಿ ನೋಡಿ ಭಾವನ ಎಡಗಣ್ಣು ಕಿರಿದಾಗಿತ್ತು. ನಿದ್ದೆಯಲ್ಲೂ ಅದು ಬಲಗಣ್ಣಿಗಿಂತ ಬಿಗಿಯಾಗಿ ಮುಚ್ಚಿರಬೇಕು. ಈಗ ಎರಡೂ ಕಣ್ಣು ಯಾವುದೋ ಬ್ಯಾಂಕಿನ ಮ್ಯಾನೇಜರನ ಕಣ್ಣುಗಳಂತೆ ಸಮವಾಗಿ, ಸಭ್ಯವಾಗಿ ಮುಚ್ಚಿದ್ದವು. ಅಮ್ಮನಿಗೆ ಮಾಡಿದ್ದನ್ನೇ ಭಾವನಿಗೂ ಮಾಡಿದ್ದಳು. ಹನ್ನೊಂದು ವರ್ಷ ಕೊರಗಿದ ಮೇಲೂ ಕೈ ಬುದ್ಧಿ ಕಲಿತಿರಲಿಲ್ಲ.

ತಂಗಿ ಬ್ಲೇಡನ್ನು ತಟ್ಟೆಗಿಟ್ಟು ಸ್ಟೂಲಿನ ಮೇಲೆ ಕೂತಳು. ಎಡಗಣ್ಣನ್ನು ತಿದ್ದಬಹುದು, ಔಷಧಿ ಇನ್ನೂ ಹೋಗಿಲ್ಲ. ಆದರೆ ಎಷ್ಟು ಕಿರಿದು? ರೆಪ್ಪೆ ಎಷ್ಟು ಇಳಿಯಬೇಕು? ಬಾಯಿ ಹೇಗಿರುತ್ತಿತ್ತು? ಮೆಟ್ಟಿಲ ಮೇಲೆ ಕೂತ ಭಾವ ಅವಳಿಗೆ ಗೊತ್ತು. ಮಲಗಿದ ಭಾವ ಗೊತ್ತಿರುವುದು ಅಕ್ಕನಿಗೆ. ಈ ಮುಖವೂ ತಪ್ಪಿದರೆ ಅಕ್ಕ ಕೊನೆಯ ಸಲ ನೋಡುವ ಗಂಡ ಯಾರೋ ಪರಕೀಯ. ಆಮೇಲೆ ಈ ಜನ್ಮದಲ್ಲಿ ಅಕ್ಕ ಸಿಗುವುದಿಲ್ಲ. ಅದಂತೂ ಖಂಡಿತ.

ಬಂಧುಗಳನ್ನು ಕೆಲಸದ ಕೋಣೆಗೆ ಬಿಡಬಾರದೆಂದು ಅವಳೇ ಮಾಡಿದ ನಿಯಮವಿತ್ತು, ಬಾಗಿಲ ಮೇಲೆ ಬರೆದು ಅಂಟಿಸಿಯೂ ಇತ್ತು. ತಂಗಿ ಕೈತೊಳೆದು ಫೋನು ತೆಗೆದುಕೊಂಡಳು. ಅಕ್ಕನ ನಂಬರು ಬಾಯಿಪಾಠವಿತ್ತು, ಹನ್ನೊಂದು ವರ್ಷ ಒತ್ತದೇ ಇದ್ದರೂ.

"ಅಕ್ಕಾ, ನಾನು."

ಆ ಕಡೆ ಕುರ್ಚಿ ಎಳೆದ ಸದ್ದು.

"ಭಾವಂಗೆ ಇನ್ನೂ ಔಷಧಿ ಬಿಟ್ಟಿಲ್ಲ. ಬಿಡೋ ಮುಂಚೆ ನೀನೊಂದ್ಸಲ ಬಂದು ನೋಡು. ಸರಿ ಇದೆ ಅಂದ್ರೆ ಬಿಡ್ತೀನಿ, ಇಲ್ಲಾಂದ್ರೆ ಇಲ್ಲ. ತುಂಬ ಹೊತ್ತು ಕಾಯೋ ಹಾಗಿಲ್ಲ ಅಕ್ಕಾ."

"ಬರ್ತೀನಿ" ಎಂಬ ಒಂದೇ ಮಾತು ಬಂತು.

ಕಾಯುವ ಆ ಮುಕ್ಕಾಲು ಗಂಟೆಯಲ್ಲಿ ತಂಗಿ ಏನು ಮಾಡಿದಳೆಂದು ಅವಳಿಗೂ ಸರಿಯಾಗಿ ನೆನಪಿಲ್ಲ. ಭಾವನ ಎದೆಯ ತನಕ ಬಿಳಿ ಬಟ್ಟೆ ಹೊದಿಸಿದಳು. ಟವೆಲಿನ ಅಂಚು ಎಳೆದು ಉದ್ದದ ಸೂಜಿಯನ್ನು ಇನ್ನಷ್ಟು ಮುಚ್ಚಿದಳು. ಒಂದು ಕ್ಷಣ ಕಣ್ಣು ಹತ್ತಿರಬೇಕು. ಅಮ್ಮ ಬಾಗಿಲಲ್ಲಿ ನಿಂತು ನೀರು ಕೇಳಿದಂತಾಯಿತು, ತುಟಿಯ ಮೂಲೆಯನ್ನು ಬೆರಳಿನಿಂದ ಹಿಡಿದುಕೊಂಡೇ. ಕಣ್ಣು ಬಿಟ್ಟು ನೋಡಿದರೆ ಬಾಗಿಲಲ್ಲಿ ನಿಂತಿದ್ದವಳು ಅಕ್ಕ.

ಅಕ್ಕನ ತಲೆ ಪೂರ್ತಿ ಬೆಳ್ಳಗಾಗಿತ್ತು. ಹೊಸ್ತಿಲು ದಾಟದೆ ನಿಂತು ತಟ್ಟೆಯ ಸಾಮಾನುಗಳನ್ನು ಒಂದೊಂದಾಗಿ ನೋಡಿದಳು.

"ಅದೇನು?"

"ಕೊಕ್ಕೆ. ನರ ಎತ್ತೋಕೆ."

"ಅದು?"

"ಚಿಮುಟ."

"ಇವ್ರ ಪೆಟ್ಟಿಗೇಲೂ ಹಿಂಗೇ ಇದಾವೆ" ಎಂದಳು ಅಕ್ಕ. "ಮುಟ್ಟಿದ್ರೆ ಬೈತಿದ್ರು."

ಅಷ್ಟು ಹೇಳಿ ಒಳಗೆ ಬಂದಳು. ಮೇಜಿನ ಹತ್ತಿರ ಹೋದವಳು ಗಂಡನ ಮುಖದ ಮೇಲೆ ಬಗ್ಗಿ, ಹುಬ್ಬು ಗಂಟಿಕ್ಕಿ, "ಏನೇ ಇದು, ಗುಹೆ ಇದ್ದ ಹಾಗಿದೆ? ಈ ಕತ್ತಲಲ್ಲಿ ಏನು ಕಾಣತ್ತೆ ನಿಂಗೆ?" ಎನ್ನುತ್ತ, ಏಳು ವರ್ಷ ದೊಡ್ಡವಳೆಂಬ ಅಧಿಕಾರದಿಂದ ನೇರ ಕಿಟಕಿಗೆ ಹೋಗಿ ಪರದೆ ಸರ್‍ರೆಂದು ಎಳೆದಳು.

ಹಗಲು ಒಮ್ಮೆಲೇ ಒಳಗೆ ಬಂತು. ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿದ್ದ ಸೀಸೆಗಳೊಳಗಿಂದ ಹಾದು ಗೋಡೆಯ ಮೇಲೆ, ನೆಲದ ಮೇಲೆ, ಅಕ್ಕನ ಬಿಳಿ ತಲೆಯ ಮೇಲೆ ಗುಲಾಬಿ, ಕೇಸರಿ, ತಿಳಿನೀಲಿ ಚೂರುಗಳು ಬಿದ್ದವು. ಗ್ಲಿಸರಿನ್ನಿನ ಸೀಸೆ ಬಣ್ಣವಿಲ್ಲದ ಒಂದು ನೀರಿನ ಅಲೆಯನ್ನು ಮಾಡಿನ ಮೇಲೆ ಆಡಿಸಿತು. ಇಪ್ಪತ್ತೆರಡು ವರ್ಷದಿಂದ ಈ ಕೋಣೆಯಲ್ಲಿದ್ದ ತಂಗಿ ಇದನ್ನು ಕಂಡೇ ಇರಲಿಲ್ಲ. ಇಬ್ಬರೂ ಒಂದು ಗಳಿಗೆ ಬಾಯಿ ತೆರೆದು ನಿಂತರು, ಚಿಕ್ಕವರಿದ್ದಾಗ ಸೋಪಿನ ಗುಳ್ಳೆ ಊದಿ ನಿಲ್ಲುತ್ತಿದ್ದ ಹಾಗೆ.

ಆಮೇಲೆ ತಂಗಿಯ ಕಣ್ಣು ಮೇಜಿನ ಕಡೆ ಹೋಯಿತು.

ಭಾವ ಹಳದಿಯಾಗಿದ್ದರು. ಕುತ್ತಿಗೆ, ಎದೆ, ಅಂಗೈ ಎಲ್ಲ ಅರಿಸಿನ ನೀರಿನಲ್ಲಿ ಅದ್ದಿ ತೆಗೆದಂತಿತ್ತು. ಹಳದಿ ಬಲ್ಬಿನ ಕೆಳಗೆ ಹಳದಿ ಎಲ್ಲಿ ಕಾಣಬೇಕು? ಕಣ್ಣಿಗೆ ಮುಚ್ಚಳ ಇಡುವಾಗ ಬಿಳಿಗುಡ್ಡೆ ಹಳದಿಯಾಗಿ ಕಂಡದ್ದನ್ನೂ ಅವಳು ಬಲ್ಬಿನ ತಲೆಗೇ ಕಟ್ಟಿದ್ದಳು.

"ಭಾವಂಗೆ ಕಾಮಾಲೆ ಇತ್ತಾ? ಆಸ್ಪತ್ರೆ ಕಾಗದದಲ್ಲಿ ಬರೀ ಹೃದಯ ನಿಂತದ್ದು ಅಂತಿದೆ."

"ಹತ್ತು ದಿನದಿಂದ ಕಣ್ಣು ಹಳದಿ ಆಗಿತ್ತು. ಡಾಕ್ಟ್ರ ಹತ್ರ ಹೋಗೋಣ ಅಂದ್ರೆ, ಮರದ ಹೊಟ್ಟು ಬಿದ್ದಿದೆ ಅಷ್ಟೇ ಅಂದ್ರು. ಇವ್ರಿಗೆ ಎಲ್ಲಾದಕ್ಕೂ ಮರದ ಹೊಟ್ಟೇ ಕಾರಣ."

ತಂಗಿ ಪಂಪಿನ ಜಾಡಿಯನ್ನು ಎತ್ತಿ ಪೂರ್ತಿ ಬೇಸಿನ್ನಿಗೆ ಸುರಿದುಬಿಟ್ಟಳು. ಗುಲಾಬಿ ನೀರು ಸುಳಿ ಸುತ್ತುತ್ತ ಇಳಿದುಹೋಯಿತು. ಕಾಮಾಲೆಯ ಮೈಗೆ ಬಲವಾದ ಫಾರ್ಮಾಲಿನ್ ಬಿದ್ದರೆ ಹಳದಿಯೆಲ್ಲ ಹಸಿರಾಗುತ್ತದೆ. ಪಾಚಿಯ ಹಸಿರು. ಮೂರನೆಯ ದಿನ ಅಕ್ಕ ಬಟ್ಟೆ ಸರಿಸಿದ್ದರೆ ಹಸಿರು ಗಂಡ ಕಾಣುತ್ತಿದ್ದ. ಇದನ್ನೆಲ್ಲ ತಂಗಿ ಅಕ್ಕನಿಗೆ ವಿವರಿಸಿದಳು.

"ನೀನು ಪರದೆ ಎಳೀದೆ ಇದ್ದಿದ್ರೆ..." ಎಂದು ನಿಲ್ಲಿಸಿದಳು.

"ಈಗೇನು ಮಾಡ್ತೀಯ?"

"ಮೊದ್ಲು ನರಗಳನ್ನ ತೊಳೆಯೋ ನೀರು ಬಿಡ್ತೀನಿ, ಫಾರ್ಮಾಲಿನ್ ಇಲ್ದೇ ಇರೋದು. ಆಮೇಲೆ ತೀರಾ ಸೌಮ್ಯವಾದ್ದು, ಬಣ್ಣ ಸ್ವಲ್ಪ ಜಾಸ್ತಿ ಹಾಕಿ. ಉಳಿದಿದ್ದು ಮಂಜುಗಡ್ಡೆ ನೋಡ್ಕೊಳ್ಳತ್ತೆ. ಆದ್ರೆ ಅದಕ್ಕಿಂತ ಮುಂಚೆ ಮುಖ ನೋಡಕ್ಕಾ. ಕಣ್ಣು ನಾನು ತಪ್ಪು ಇಟ್ಟಿದೀನಿ."

ಅಕ್ಕ ನೋಡಿದಳು. ಮೂಗಿನಲ್ಲೇ ನಕ್ಕಳೋ ಅತ್ತಳೋ ಹೇಳುವುದು ಕಷ್ಟ. "ಯಾರೋ ದೊಡ್ಡ ಮನುಷ್ಯರ ಥರ ಮಾಡಿದೀಯ."

ತಂಗಿ ಎಡಗಣ್ಣಿನ ಮುಚ್ಚಳ ತೆಗೆದಳು, ಬದಲಿಗೆ ತೆಳ್ಳನೆಯ ಹತ್ತಿ ಇಟ್ಟಳು. "ಇಷ್ಟಾ?" ಅಕ್ಕ ಅಲ್ಲವೆಂದು ತಲೆಯಾಡಿಸಿದಳು. ಹತ್ತಿ ಇನ್ನಷ್ಟು ತೆಗೆದಳು. "ಇಷ್ಟು?" ಅಕ್ಕ ಕೈಚೀಲ ನೆಲಕ್ಕಿಟ್ಟು, ತೋರುಬೆರಳು ಚಾಚಿ, ರೆಪ್ಪೆಯನ್ನು ಮೂಗಿನ ಕಡೆಗೆ ಒಂದು ಕೂದಲೆಳೆಯಷ್ಟು ಒತ್ತಿದಳು. ಆಮೇಲೆ ಕೆಳತುಟಿಯನ್ನು ಸ್ವಲ್ಪ ಮುಂದಕ್ಕೆ ತಂದಳು. "ನಿದ್ದೇಲಿ ಹಿಂಗೇ. ಯಾರ್ಹತ್ರಾನೋ ಜಗಳಕ್ಕೆ ಹೊರಟವ್ರ ಹಾಗೆ."

ಮೇಜಿನ ಮೇಲಿದ್ದ ಚೆಂದದ ಮುಖ ಹೋಯಿತು. ಒಂದು ಕಣ್ಣು ದೊಡ್ಡದು, ಒಂದು ಕಣ್ಣು ಚಿಕ್ಕದು, ಸ್ವಲ್ಪ ಜಗಳಗಂಟ, ಸ್ವಲ್ಪ ಕುಚೋದ್ಯ. ಭಾವ ಬಂದರು.

"ಇವ್ರೇ" ಎಂದಳು ಅಕ್ಕ. ಅಲ್ಲಿಯತನಕ ತಡೆದದ್ದು ಈಗ ಒಡೆಯಿತು. ಮೇಜಿನ ಅಂಚು ಹಿಡಿದು, ತಲೆ ತಗ್ಗಿಸಿ, ಸದ್ದಿಲ್ಲದೆ ಅತ್ತಳು. ತಂಗಿ ಮುಟ್ಟಲೋ ಬೇಡವೋ ಎಂದು ಕೈ ಚಾಚಿ ಹಿಂದೆಗೆದುಕೊಂಡಳು. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನ್ನಿಸಿತು.

"ಅಕ್ಕಾ, ಅಮ್ಮಂಗೂ ಹಿಂಗೇ ನಿನ್ನ ಕರೆದು ಕೇಳ್ಬೇಕಿತ್ತು. ಬುದ್ಧಿ ಇರ್ಲಿಲ್ಲ. ಅಮ್ಮನ ಬಾಯಿ ಕೆಡಿಸಿಬಿಟ್ಟೆ. ಕೊನೇ ಸಲ ಅಮ್ಮನ ಮುಖ ನಿಂಗೆ ಸಿಗ್ದೇ ಇರೋ ಹಾಗೆ ಮಾಡಿದೆ. ಹೊಟ್ಟೆಗೆ ಹಾಕ್ಕೋ."

ಅಕ್ಕ ತಲೆ ಎತ್ತಿದಳು. ಒದ್ದೆ ಮುಖದಲ್ಲಿ ಏನೂ ಅರ್ಥವಾಗದ ನೋಟ.

"ಕೆಡಿಸಿದೆ ಅಂತ ಯಾರು ಹೇಳಿದ್ರು ನಿಂಗೆ?"

"ನೀನೇ. 'ಏನೇ ಮಾಡಿಟ್ಟೆ' ಅಂದೆ. ಓಡಿ ಹೋದೆ."

ಅಕ್ಕ ಸ್ಟೂಲು ಎಳೆದುಕೊಂಡು ಕೂತಳು. ಗಂಡನ ಮುಖವನ್ನು ಒಮ್ಮೆ ನೋಡಿದಳು, ಅಪ್ಪಣೆ ಕೇಳುವವಳ ಹಾಗೆ.

"ಅಮ್ಮನ ಬಾಯಿ ಹುಟ್ಟಿದಾಗಿಂದ ಹಾಗಿರ್ಲಿಲ್ಲ ಕಣೇ, ಪುಟ್ಟೀ. ನೀನು ಹುಟ್ಟಿ ಎಂಟು ದಿನ ಆಗಿತ್ತು. ಒಂಬತ್ತನೇ ದಿನ ಬೆಳಿಗ್ಗೆ ಎದ್ರೆ ಎಡಗಡೆ ಬಿದ್ದುಹೋಗಿತ್ತು. ಎಷ್ಟು ಔಷಧಿ ಮಾಡಿದ್ರೂ ಬರ್ಲಿಲ್ಲ. ನಂಗೆ ಆಗ ಏಳು ವರ್ಷ. ಅಮ್ಮ ನನ್ನ ಕೂರಿಸ್ಕೊಂಡು ಮಾತು ತಗೊಂಡ್ಲು. 'ಪುಟ್ಟಿಗೆ ಯಾವತ್ತೂ ಹೇಳ್ಬೇಡ, ತಾನು ಹುಟ್ಟಿದ್ರಿಂದ ಹಿಂಗಾಯ್ತು ಅಂದ್ಕೊಂಡು ಬೆಳೀತಾಳೆ' ಅಂತ. ಹೇಳ್ಲಿಲ್ಲ. ಹೇಳ್ದೇ ಇದ್ದು ಇದ್ದು ಮುಂಚಿನ ಅಮ್ಮನ ಮುಖ ನಂಗೂ ಮರೆತೇಹೋಯ್ತು. ಒಂದು ಫೋಟೋನೂ ಇರ್ಲಿಲ್ಲ ನೋಡು, ಇದ್ದದ್ದನ್ನೂ ಅವ್ಳೇ ಹರಿದ್ಲು."

ನಲ್ಲಿಯ ಹನಿ ಬಿತ್ತು.

"ಆವತ್ತು ಬಂದು ಬಟ್ಟೆ ಸರಿಸ್ತೀನಿ, ನನ್ನ ಜಡೆ ಹಾಕ್ತಿದ್ದ ಅಮ್ಮ ಮಲಗಿದಾಳೆ. ನನ್ನ ಏಳು ವರ್ಷದ ಅಮ್ಮ. ಅದೇ ಬಾಯಿ. ನೀನು ನೋಡೇ ಇಲ್ಲದ ಬಾಯಿ, ನೀನು ಹ್ಯಾಗೆ ತಂದಿಟ್ಟೆ? ಎದೆ ನಿಂತಹಾಗಾಯ್ತು. ಓಡದೇ ಇನ್ನೇನು ಮಾಡ್ಲಿ?"

"ಮತ್ತೆ ಹನ್ನೊಂದು ವರ್ಷ, ಅಕ್ಕಾ?"

"ಬಾಯಿ ಬಿಟ್ರೆ ಇದೇ ಬರ್ತಿತ್ತು. ಅಮ್ಮಂಗೆ ಮಾತು ಕೊಟ್ಟಿದ್ದೆ. ಮೊದಲನೇ ವರ್ಷ ಮಾತಿಗೆ ಹೆದ್ರಿ ಬರ್ಲಿಲ್ಲ. ಆಮೇಲೆ, ಇಷ್ಟು ದಿನ ಬರ್ಲಿಲ್ವಲ್ಲಾ ಅನ್ನೋ ನಾಚಿಕೆಗೆ ಬರ್ಲಿಲ್ಲ. ನಿನ್ನ ಬೀದೀಲಿ ಎಷ್ಟು ಸಲ ಓಡಾಡಿದೀನಿ ಅಂತ ಇವ್ರನ್ನ ಕೇಳು." ಕೇಳುವ ಹಾಗಿಲ್ಲವೆಂಬುದು ಆಮೇಲೆ ನೆನಪಾಗಿ ತುಟಿ ಕಚ್ಚಿಕೊಂಡಳು. "ಇವ್ರಿಗೆ ಎಲ್ಲಾ ಗೊತ್ತಿತ್ತು. 'ನಾನು ಸತ್ರಾದ್ರೂ ನೀವಿಬ್ರೂ ಮಾತಾಡ್ತೀರಾ ನೋಡೋಣ' ಅಂತಿದ್ರು. ಮನುಷ್ಯ ಹೇಳಿದ ಹಾಗೇ ಮಾಡಿಬಿಟ್ರು."

ತಂಗಿಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ, ಹನ್ನೊಂದು ವರ್ಷದ ಭಾರ ಇಳಿದು ಮೈ ಹಗುರವಾಗಿ, ನಿಂತಲ್ಲೇ ತೇಲುತ್ತಿದ್ದೇನೆ ಅನ್ನಿಸಿತು. ಆದರೆ ಅದರ ಜೊತೆಗೇ ಸಣ್ಣ ಮಗುವಿನ ಹೊಟ್ಟೆಕಿಚ್ಚಿನಂಥದೊಂದು ಎದ್ದು ಬಂತು. ಅದನ್ನು ಅವಳು ಮುಚ್ಚಿಡಲಿಲ್ಲ.

"ನೀನು ಏಳು ವರ್ಷ ನೋಡಿದೆ. ನಾನು ಒಂದಿನಾನೂ ನೋಡ್ಲಿಲ್ಲ. ನನ್ನ ಕೈಯಾರೆ ಮಾಡಿದ್ರೂ, ತಪ್ಪು ಅಂತ ನೋಡಿದೆನೇ ಹೊರತು ಅಮ್ಮ ಅಂತ ನೋಡ್ಲಿಲ್ಲ."

"ಯಾಕೆ ನೋಡಿಲ್ಲ?" ಎಂದಳು ಅಕ್ಕ, ಗದರಿದಂತೆ. "ಎಂಟು ದಿನ ನೋಡಿದೀಯ. ಆ ಎಂಟು ದಿನ ಅಮ್ಮ ನಿನ್ನ ಕೆಳಗೆ ಇಳಿಸ್ಲೇ ಇಲ್ಲ. ಮುಖ ಹತ್ರ ತಂದು ನಗ್ತಾನೇ ಇದ್ಲು, ಎರಡೂ ಕಡೆ. ನಂಗೆ ಹೊಟ್ಟೆಕಿಚ್ಚಾಗ್ತಿತ್ತು. ಅಷ್ಟು ಹತ್ರದಿಂದ ನಾನೂ ನೋಡಿಲ್ಲ, ಕಣೇ."

ಗೋಡೆಯ ಮೇಲಿನ ಬಣ್ಣದ ಚೂರುಗಳು ಒಂದಿಷ್ಟು ಸರಿದಿದ್ದವು. ತಂಗಿ ತನ್ನ ಕೈಗಳನ್ನು ನೋಡಿಕೊಂಡಳು. ಫಾರ್ಮಾಲಿನ್ನಿಗೆ ತೊಗಲು ಬಿರಿದ, ಉಗುರು ಕೆಟ್ಟ ಕೈಗಳು. ಗುರುಗಳ ಪಾಠ ಪಾಲಿಸಿದವೋ ಇಲ್ಲ ಬೇರೇನನ್ನೋ ನೆನೆದುಕೊಂಡವೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತು ಮಾಡಿಕೊಳ್ಳುವ ಅವಸರವೂ ಇರಲಿಲ್ಲ.

ಕೆಲಸ ಕಾಯುವುದಿಲ್ಲ. ಅಕ್ಕನಿಗೆ ಬೆನ್ನು ತಿರುಗಿಸಿ ಕೂರಲು ಹೇಳಿ ಕುತ್ತಿಗೆಯ ಬಳಿ ಸಣ್ಣದಾಗಿ ಕತ್ತರಿಸಿ, ಕೊಕ್ಕೆಯಿಂದ ರಕ್ತನಾಳ ಎತ್ತಿ, ನಳಿಕೆ ಕೂರಿಸಿ ದಾರ ಬಿಗಿದಳು. ಮೇಲೆ ಬಟ್ಟೆ ಮುಚ್ಚಿದಳು. ಮೊದಲು ತೊಳೆಯುವ ನೀರು ಹೋಯಿತು, ಹೊರಬರುವುದು ತಿಳಿಯಾಗುವವರೆಗೂ ಹೋಯಿತು. ಆಮೇಲೆ ಜಾಡಿಯಲ್ಲಿ ಸೌಮ್ಯವಾದ ಔಷಧಿ ಬೆರೆಸಿದಳು, ಗುಲಾಬಿಯನ್ನು ಎರಡು ಹನಿ ಹೆಚ್ಚೇ ಬಿಟ್ಟಳು. ಪಂಪಿನ ಗುಬ್ಬಿಯ ಮೇಲೆ ಕೈಯಿಟ್ಟು ನಿಂತಳು. ಇದನ್ನು ತಿರುಗಿಸಿದ ಮೇಲೆ ಮುಖ ಮತ್ತೆ ಬದಲಾಗುವುದಿಲ್ಲ.

"ಅಕ್ಕಾ, ಬಿಡ್ಲಾ?"

ಅಕ್ಕ ಎದ್ದು ಬಂದು ಇನ್ನೊಮ್ಮೆ ನೋಡಿದಳು. ಕಿರಿದಾದ ಎಡಗಣ್ಣನ್ನು, ಮುಂದೆ ಬಂದ ಕೆಳತುಟಿಯನ್ನು, ದಿಂಬಿನ ತಗ್ಗಿನಲ್ಲಿ ಸರಿಯಾಗಿ ಕೂತ ಕತ್ತನ್ನು.

"ಬಿಡು."

ಪಂಪು ಗುಂಯ್ಗುಡತೊಡಗಿತು. ತಂಗಿ ಸೋಪುನೀರಿನ ಸ್ಪಂಜನ್ನು ಅಕ್ಕನ ಕೈಗಿಟ್ಟು ತೋರಿಸಿದಳು: ಮೊಣಕೈಯಿಂದ ಬೆರಳ ಕಡೆಗೆ ಹೀಗೆ ನೀವಬೇಕು, ಅವಸರ ಮಾಡಬಾರದು, ಔಷಧಿ ತುದಿಯ ತನಕ ಹೋಗಬೇಕು. ಅಕ್ಕ ಎಡಗೈ ಹಿಡಿದಳು, ತಂಗಿ ಬಲಗೈ ಹಿಡಿದಳು. ಇಬ್ಬರೂ ಮೇಜಿನ ಎರಡು ಕಡೆ ನಿಂತು ನೀವುತ್ತ ಹೋದರು. ಹೊರಗೆ ಯಾರೋ ಸೈಕಲ್ ಬೆಲ್ ಮಾಡಿ ಹೋದರು. ಭಾವನ ಎಡ ಹೆಬ್ಬೆರಳಿನ ಉಗುರು ಎಂದೋ ಸುತ್ತಿಗೆ ಬಿದ್ದು ಕಪ್ಪಾಗಿತ್ತು. ಬೇರೆಯವರಾಗಿದ್ದರೆ ತಂಗಿ ಅದಕ್ಕೂ ಬಣ್ಣ ಹಚ್ಚುತ್ತಿದ್ದಳು. ಬಣ್ಣದ ಡಬ್ಬಿಯನ್ನು ಅವಳು ಆಗಲೇ ಕಪಾಟಿನೊಳಗೆ ಇಟ್ಟಾಗಿತ್ತು.

"ಪುಟ್ಟೀ, ಬಂತು ನೋಡೇ!" ಎಂದಳು ಅಕ್ಕ ಇದ್ದಕ್ಕಿದ್ದಂತೆ, ಏಳು ವರ್ಷದವಳ ದನಿಯಲ್ಲಿ.

ಕಪ್ಪು ಉಗುರೊಂದನ್ನು ಬಿಟ್ಟು ಉಳಿದ ನಾಲ್ಕರ ಕೆಳಗೂ ಗುಲಾಬಿ ಬಣ್ಣ ಏರುತ್ತಿತ್ತು. ತಂಗಿ ಮೇಜಿನ ಮೇಲಿಂದ ಕೈ ಚಾಚಿ ಅಕ್ಕನ ಸೋಪು ಕೈಯನ್ನು ಹಿಡಿದುಕೊಂಡಳು, ಅಕ್ಕ ಬಿಡಿಸಿಕೊಳ್ಳಲಿಲ್ಲ.